ಎಂಜಿನ್ ಹೊತ್ತ ರಬ್ಬರು

ಕಾರಿನ ಬಾನೆಟ್ ಎತ್ತಿದರೆ ಎಂಜಿನ್, ಬ್ಯಾಟರಿ, ರೇಡಿಯೇಟರ್, ಹತ್ತಾರು ಕೊಳವೆ, ಒಂದು ರಾಶಿ ವೈರು ಕಣ್ಣಿಗೆ ಬೀಳುತ್ತವೆ. ನೂರು ಕಿಲೋಗೂ ಹೆಚ್ಚು ತೂಗುವ ಆ ಎಂಜಿನ್ ಹಾಗೂ ಅದಕ್ಕೆ ಅಂಟಿಕೊಂಡ ಗೇರ್ ಬಾಕ್ಸ್ ಯಾವುದರ ಮೇಲೆ ಕೂತಿವೆ ಎಂದು ಕೇಳುವವರು ಕಡಿಮೆ. ಅವು ಕೂತಿರುವುದು ಮುಷ್ಟಿ ಗಾತ್ರದ ಮೂರೋ ನಾಲ್ಕೋ ರಬ್ಬರ್ ತುಂಡುಗಳ ಮೇಲೆ. ಒಂದು ಬದಿ ಎಂಜಿನ್ನಿಗೆ, ಇನ್ನೊಂದು ಬದಿ ಕಾರಿನ ಬಾಡಿಗೆ ಬೋಲ್ಟು ಹಾಕಿ ಬಿಗಿದಿರುವ ಈ ತುಂಡುಗಳಿಗೆ ಗ್ಯಾರೇಜಿನ ಮಾತಿನಲ್ಲಿ ‘ಎಂಜಿನ್ ಮೌಂಟಿಂಗ್’ ಎಂದು ಹೆಸರು. ನಡುವೆ ಕಬ್ಬಿಣದ ಕೊಳವೆ, ಸುತ್ತ ರಬ್ಬರು ಇರುವ ದುಂಡನೆಯ ಬಗೆ ‘ಮೌಂಟಿಂಗ್ ಬುಷ್’.

ಇವು ಹಾಳಾಗುವುದು ನಿಧಾನವಾಗಿ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗಿ ಕಾಣುತ್ತದೆ, ಕ್ಲಚ್ ಬಿಟ್ಟಾಗ ಎಲ್ಲೋ ಕೆಳಗಡೆ ‘ದಡ್’ ಎಂದು ಸದ್ದಾಗುತ್ತದೆ. ಮಾಲೀಕನಿಗೆ ಎಂಜಿನ್ನೇ ಕೆಟ್ಟಿತೆಂಬ ದಿಗಿಲು. ಪ್ಲಗ್ಗು ಬದಲಾಗುತ್ತದೆ, ಟ್ಯೂನಿಂಗ್ ಆಗುತ್ತದೆ, ಒಮ್ಮೊಮ್ಮೆ ಕ್ಲಚ್ ಪ್ಲೇಟಿಗೂ ದುಡ್ಡು ಬೀಳುತ್ತದೆ; ನಡುಕ ಮಾತ್ರ ಹೋಗುವುದಿಲ್ಲ. ಕೊನೆಗೆ ಮೌಂಟಿಂಗ್ ಎಂದು ಗೊತ್ತಾದಾಗ ಎರಡನೆಯ ತಪ್ಪು ಆಗುತ್ತದೆ. ‘ಒಳ್ಳೇ ಗಟ್ಟಿಯಾದದ್ದನ್ನೇ ಹಾಕಿಬಿಡಿ, ಇನ್ನೊಂದು ಸಲ ಈ ಕಡೆ ಬರುವಂತಿರಬಾರದು’ ಎನ್ನುತ್ತಾನೆ ಮಾಲೀಕ. ಗಟ್ಟಿಯಾದದ್ದು ಒಳ್ಳೆಯದು ಎಂಬ ಈ ನಂಬಿಕೆ ಬೇರೆ ಎಷ್ಟೋ ಸಾಮಾನುಗಳ ವಿಷಯದಲ್ಲಿ ಸರಿ. ಇಲ್ಲಿ ಮಾತ್ರ ಅದು ಕಾರನ್ನು ಮೊದಲಿಗಿಂತ ಹೆಚ್ಚು ನಡುಗಿಸೀತು.

ಎರಡು ವಿರುದ್ಧ ಕೆಲಸ

ಮೌಂಟಿಂಗ್ ಮಾಡಬೇಕಾದ ಕೆಲಸ ಎರಡು. ಮೊದಲನೆಯದು ಎಂಜಿನ್ನನ್ನು ಹಿಡಿದಿಡುವುದು; ಎರಡನೆಯದು ಎಂಜಿನ್ನಿನ ನಡುಕ ಬಾಡಿಗೆ ದಾಟದಂತೆ ತಡೆಯುವುದು. ಹಿಡಿದಿಡಲು ಗಡಸು ಬೇಕು, ನಡುಕ ತಡೆಯಲು ಮೆದು ಬೇಕು. ಒಂದೇ ರಬ್ಬರಿನ ತುಂಡಿನಿಂದ ಈ ಎರಡನ್ನೂ ಮಾಡಿಸಬೇಕಾಗಿರುವುದೇ ಎಂಜಿನಿಯರುಗಳ ತಲೆನೋವು.

ಹಿಡಿದಿಡುವ ಕೆಲಸ ಎಷ್ಟು ಕಠಿಣ ಎಂಬುದನ್ನು ಸರಳ ಲೆಕ್ಕದಿಂದಲೇ ತಿಳಿಯಬಹುದು. ಪ್ರತಿ ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇದೆ ಎಂಬ ನ್ಯೂಟನ್ನನ ಮೂರನೆಯ ನಿಯಮ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸುವಾಗ ಎಂಜಿನ್ ತಾನು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಿರುಗಗೊಡದೆ ತಡೆಯುವುದು ಮೌಂಟಿಂಗ್. ಚಿಕ್ಕ ಕಾರೊಂದರ ಎಂಜಿನ್ 100 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಗೇರಿನಲ್ಲಿ ಅದು ಮೂರೂವರೆ ಪಟ್ಟು, ಮುಂದೆ ಡಿಫರೆನ್ಷಿಯಲ್‌ನಲ್ಲಿ ಇನ್ನೂ ನಾಲ್ಕು ಪಟ್ಟು ಆದರೆ ಚಕ್ರಗಳಿಗೆ ಸಿಗುವುದು 1,400 ನ್ಯೂಟನ್ ಮೀಟರ್. ಎಂಜಿನ್ನನ್ನು ಅಡ್ಡಲಾಗಿ ಕೂಡಿಸಿ ಮುಂದಿನ ಚಕ್ರ ತಿರುಗಿಸುವ ಕಾರಿನಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಒಂದೇ ಮುದ್ದೆ. ಹಾಗಾಗಿ ಇಷ್ಟೂ ಪ್ರತಿಬಲ ಮೌಂಟಿಂಗ್‌ಗಳ ಮೇಲೆಯೇ ಬೀಳುತ್ತದೆ. ಅವುಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಆ ಬಲ 2,800 ನ್ಯೂಟನ್. ಅಂದರೆ ಸುಮಾರು 285 ಕಿಲೋ ಭಾರಕ್ಕೆ ಸಮ. ಮುಂದಕ್ಕೆ ಹೊರಟಾಗ ಒಂದು ದಿಕ್ಕು, ರಿವರ್ಸ್ ಹಾಕಿದಾಗ ಇನ್ನೊಂದು ದಿಕ್ಕು. ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ, ಬ್ರೇಕ್ ಹಾಕಿದಾಗ ಬೀಳುವ ಪೆಟ್ಟು ಬೇರೆ.

1958ರಿಂದ 2014ರವರೆಗೆ ತಯಾರಾದ ಅಂಬಾಸಡರ್‌ನಂಥ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಡಿಫರೆನ್ಷಿಯಲ್ ಹಿಂದೆ ಪ್ರತ್ಯೇಕವಾಗಿತ್ತು. ಅಲ್ಲಿ ಹೆಚ್ಚುವ ನಾಲ್ಕು ಪಟ್ಟು ಬಲದ ಪೆಟ್ಟನ್ನು ಹಿಂದಿನ ಪಟ್ಟಿ ಸ್ಪ್ರಿಂಗುಗಳು ತಾಳಿಕೊಳ್ಳುತ್ತಿದ್ದವು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಅಡ್ಡ ಎಂಜಿನ್, ಮುಂಚಕ್ರ ಚಾಲನೆ ಎರಡೂ ಮನೆಮನೆಯ ಮಾತಾದವು. ಅದರೊಂದಿಗೆ ಮೌಂಟಿಂಗ್‌ನ ಹೊಣೆಯೂ ಹೆಚ್ಚಿತು.

ಮೆದು ಏಕೆ ಬೇಕು?

ಒಂದು ಕಲ್ಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ತೂಗುಬಿಟ್ಟರೆ ಎರಡನೆಯ ಕೆಲಸದ ಗುಟ್ಟು ತಿಳಿಯುತ್ತದೆ. ಬ್ಯಾಂಡಿನ ಮೇಲ್ತುದಿ ಹಿಡಿದು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಕಲ್ಲು ಕೈಯ ಜೊತೆಯಲ್ಲೇ ಏರಿಳಿಯುತ್ತದೆ. ವೇಗ ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ಕಲ್ಲು ಕೈಗಿಂತಲೂ ಎಷ್ಟೋ ಹೆಚ್ಚಾಗಿ ಕುಣಿಯತೊಡಗುತ್ತದೆ. ಇನ್ನೂ ಬೇಗ ಆಡಿಸಿದರೆ ಕೈ ಅಲುಗುತ್ತಿದ್ದರೂ ಕಲ್ಲು ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ನಡುವಿನ ಆ ಕುಣಿತವೇ ಅನುರಣನೆ. ಕಲ್ಲು ಕುಣಿಯುವ ಆ ವೇಗ ಕಲ್ಲು ಮತ್ತು ರಬ್ಬರಿನ ಜೋಡಿಯ ‘ಸಹಜ ಆವೃತ್ತಿ’. ನಡುಕದ ಆವೃತ್ತಿ ಈ ಸಹಜ ಆವೃತ್ತಿಯ 1.4 ಪಟ್ಟಿಗಿಂತ ಹೆಚ್ಚಾದಾಗ ಮಾತ್ರ ರಬ್ಬರು ನಡುಕವನ್ನು ತಡೆಯುತ್ತದೆ. ಅದಕ್ಕಿಂತ ಕೆಳಗೆ ರಬ್ಬರು ತಡೆಯುವುದಿಲ್ಲ, ಹೆಚ್ಚಿಸುತ್ತದೆ.

ಎಂಜಿನ್ನಿಗೂ ಇದೇ ನಿಯಮ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿದು ಬಲ ಕೊಡುತ್ತದೆ. ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 27 ಪೆಟ್ಟು. ಮೌಂಟಿಂಗ್ ಮೇಲೆ ಕೂತ ಎಂಜಿನ್ನಿನ ಸಹಜ ಆವೃತ್ತಿ ಸೆಕೆಂಡಿಗೆ 10 ಇದ್ದರೆ, ಆ ಪೆಟ್ಟಿನ ಆರನೆಯ ಒಂದು ಪಾಲು ಮಾತ್ರ ಬಾಡಿಗೆ ತಲುಪುತ್ತದೆ. ರಬ್ಬರಿನ ಗಡಸು ಎರಡು ಪಟ್ಟಾದರೆ ಸಹಜ ಆವೃತ್ತಿ 14ಕ್ಕೆ ಏರಿ, ತಲುಪುವ ಪಾಲು ಐದರಲ್ಲಿ ಎರಡಾಗುತ್ತದೆ. ಗಡಸು ನಾಲ್ಕು ಪಟ್ಟಾದರೆ ಸಹಜ ಆವೃತ್ತಿ 20. ಆಗ ಬಾಡಿಗೆ ತಲುಪುವುದು ಎಂಜಿನ್ ಕೊಟ್ಟ ಪೆಟ್ಟಿಗಿಂತಲೂ ಕಾಲು ಭಾಗ ಹೆಚ್ಚು! ರಬ್ಬರಿನ ಒಳಘರ್ಷಣೆಯನ್ನು ಬಿಟ್ಟು ಹಾಕಿದ ಲೆಕ್ಕ ಇದು. ನಿಜವಾದ ಕಾರಿನಲ್ಲಿ ಅಂಕಿಗಳು ತುಸು ಬೇರೆಯಾದರೂ ದಾರಿ ಇದೇ.

ಮೂರು ಸಿಲಿಂಡರಿನ ಕಾರಿಗೆ ಪರೀಕ್ಷೆ ಇನ್ನೂ ಕಠಿಣ. ಅದು ಎರಡು ಸುತ್ತಿಗೆ ಮೂರು ಸಲ ಮಾತ್ರ ಉರಿಯುವುದರಿಂದ 800 ಸುತ್ತಿನಲ್ಲಿ ಸೆಕೆಂಡಿಗೆ 20 ಪೆಟ್ಟು. ಒಳ್ಳೆಯ ಮೌಂಟಿಂಗ್ ಇದ್ದರೂ ಮೂರನೆಯ ಒಂದು ಪಾಲು ದಾಟುತ್ತದೆ. ನಾಲ್ಕು ಪಟ್ಟು ಗಡಸಾದದ್ದನ್ನು ಹಾಕಿದರೆ ಪೆಟ್ಟಿನ ಆವೃತ್ತಿಯೂ ಸಹಜ ಆವೃತ್ತಿಯೂ ಒಂದೇ ಆಗಿ ಕಲ್ಲಿನ ಕುಣಿತ ಕಾರಿನೊಳಗೇ ಶುರುವಾಗುತ್ತದೆ. ಹಳೆಯ ರಬ್ಬರು ಒಣಗಿ ಕಲ್ಲಾದಾಗ ಆಗುವುದೂ ಇದೇ. ಹರಿಯದೆ ಇಡಿಯಾಗಿಯೇ ಕಾಣುವ ಮೌಂಟಿಂಗ್ ಕೂಡ ಕೆಟ್ಟಿರಬಹುದು ಎಂಬುದಕ್ಕೆ ಕಾರಣ ಇಲ್ಲಿದೆ.

ಎಲ್ಲಿ ಇಡಬೇಕು?

ಹಿಂದೆ ಎಷ್ಟೋ ಕಾರುಗಳಲ್ಲಿ ಎಂಜಿನ್ನನ್ನು ಚಾಸಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಕೂತವರ ಹಲ್ಲು ಕಟಕಟಿಸುತ್ತಿತ್ತು. ರಬ್ಬರು ಇಟ್ಟರೆ ಸಾಲದು, ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ ಎಂದು ತೋರಿಸಿಕೊಟ್ಟದ್ದು 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ತಂದ ‘ಫ್ಲೋಟಿಂಗ್ ಪವರ್’ ವ್ಯವಸ್ಥೆ. ಎಂಜಿನ್ನಿನ ಮುಂದೆ ಮೇಲುಗಡೆ ಒಂದು ಆಧಾರ, ಹಿಂದೆ ಗೇರ್ ಬಾಕ್ಸಿನ ಕೆಳಗೆ ಒಂದು ಆಧಾರ. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದು ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾಯುತ್ತಿತ್ತು. ಎಂಜಿನ್ ತನ್ನದೇ ಅಕ್ಷದ ಸುತ್ತ ತೊಟ್ಟಿಲಿನಂತೆ ತೂಗಿಕೊಳ್ಳುತ್ತಿತ್ತು, ತೂಗಾಟ ಬಾಡಿಗೆ ದಾಟುತ್ತಿರಲಿಲ್ಲ. ನಾಲ್ಕು ಸಿಲಿಂಡರಿನ ಅಗ್ಗದ ಕಾರಿಗೆ ದುಬಾರಿ ಕಾರಿನ ನಯ ಬಂದಿತು. ಮರುವರ್ಷ ಫ್ರಾನ್ಸಿನ ಸಿಟ್ರೋಯೆನ್ ಕಂಪನಿ ಇದಕ್ಕೆ ಪರವಾನಗಿ ಪಡೆದು, ತೇಲುವ ಹಂಸದ ಚಿತ್ರವನ್ನು ತನ್ನ ಕಾರುಗಳ ಮುಂಭಾಗದಲ್ಲಿ ಹಾಕಿಕೊಂಡಿತು.

ಇಂದಿನ ಅನೇಕ ಚಿಕ್ಕ ಕಾರುಗಳಲ್ಲಿ ಇದೇ ವಿಚಾರ ಬೇರೆ ರೂಪದಲ್ಲಿದೆ. ಎಡಕ್ಕೊಂದು ಬಲಕ್ಕೊಂದು ಮೌಂಟಿಂಗ್ ಎಂಜಿನ್ನಿನ ತೂಕ ಹೊರುತ್ತವೆ. ಕೆಳಗೆ, ಎರಡು ತುದಿಯಲ್ಲೂ ಬುಷ್ ಇರುವ ಮೂಳೆಯಾಕಾರದ ಚಿಕ್ಕ ತೋಳೊಂದು ಎಂಜಿನ್ ತೂಗಾಡದಂತೆ ತಡೆಯುತ್ತದೆ. ತೂಕ ಹೊರುವವರು ಬೇರೆ, ತಿರುಚುಬಲ ತಡೆಯುವವರು ಬೇರೆ. ಹೀಗಾಗಿ ಯಾವುದು ಕೆಟ್ಟಿತು ಎಂಬುದನ್ನು ಕಾರಿನ ನಡವಳಿಕೆಯಿಂದಲೇ ಒಂದಿಷ್ಟು ಊಹಿಸಬಹುದು. ನಿಂತಾಗ ನಡುಕ ಹೆಚ್ಚಾದರೆ ತೂಕ ಹೊರುವ ಮೌಂಟಿಂಗ್ ಮೇಲೆ ಅನುಮಾನ. ಹೊರಡುವಾಗ, ಗೇರ್ ಬದಲಾಯಿಸುವಾಗ ‘ದಡ್’ ಎಂದರೆ ಮೊದಲು ನೋಡಬೇಕಾದ್ದು ಕೆಳಗಿನ ತೋಳಿನ ಬುಷ್.

ನಡುಕಕ್ಕಿಂತ ದೊಡ್ಡ ಅಪಾಯ

ಮೌಂಟಿಂಗ್ ಹರಿದರೆ ಏನಾದೀತು ಎಂಬುದಕ್ಕೆ 1971ರ ಒಂದು ಘಟನೆ ಸಾಕ್ಷಿ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಆ ವರ್ಷದ ಕೊನೆಯಲ್ಲಿ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ಎಂಜಿನ್ ಮೌಂಟಿಂಗ್ ಕಾರಣಕ್ಕಾಗಿ ವಾಪಸು ಕರೆಸಬೇಕಾಯಿತು. ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಾಗ, ಚಾಲಕ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಒಂದು ಬದಿ ಮೇಲೇಳುತ್ತಿತ್ತು. ಹಾಗೆ ಎದ್ದ ಎಂಜಿನ್ ಆಕ್ಸಿಲರೇಟರ್ ಸರಳನ್ನು ತಾನೇ ಎಳೆದುಕೊಂಡು ವೇಗ ಹೆಚ್ಚಿಸುತ್ತಿತ್ತು. ಬ್ರೇಕಿಗೆ ನೆರವಾಗುವ ನಿರ್ವಾತ ಕೊಳವೆಯೂ ಕಳಚಿಕೊಳ್ಳಬಹುದಾಗಿತ್ತು. ವೇಗ ಏರಿದ ಹೊತ್ತಿಗೇ ಬ್ರೇಕು ಭಾರವಾಗುವುದೆಂದರೆ ಊಹಿಸಿಕೊಳ್ಳಬಹುದು. ಕಂಪನಿ ಮಾಡಿದ ಪರಿಹಾರ ಸರಳ: ಎಂಜಿನ್ ಮೇಲೇಳದಂತೆ ಉಕ್ಕಿನ ಹಗ್ಗ ಕಟ್ಟಿತು.

ಈಗಿನ ಮೌಂಟಿಂಗ್‌ಗಳಲ್ಲಿ ರಬ್ಬರು ಹರಿದರೂ ಕಬ್ಬಿಣದ ಭಾಗಗಳು ಒಂದಕ್ಕೊಂದು ಸಿಕ್ಕಿಕೊಂಡು ಎಂಜಿನ್ನನ್ನು ಹಿಡಿದಿಡುವಂತೆ ಸಾಮಾನ್ಯವಾಗಿ ರಚಿಸಿರುತ್ತಾರೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅಂಕೆಯಿಲ್ಲದೆ ಆಡುವ ಎಂಜಿನ್ ತನ್ನೊಡನೆ ಸೈಲೆನ್ಸರ್ ಕೊಳವೆ, ರೇಡಿಯೇಟರ್ ಹೋಸ್, ವೈರು, ಆಕ್ಸಲ್ ಕೀಲು ಎಲ್ಲವನ್ನೂ ಎಳೆದಾಡುತ್ತದೆ. ಒಂದು ಮೌಂಟಿಂಗ್ ಕೈಬಿಟ್ಟರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬಿದ್ದು ಅವೂ ಬೇಗ ಸೋಲುತ್ತವೆ.

ಪತ್ತೆ ಹೇಗೆ?

ನಡುಕವೆಲ್ಲ ಮೌಂಟಿಂಗ್‌ನದಲ್ಲ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಕಾರು ನಡುಗುತ್ತದೆ. ಮೊದಲು ಕಿವಿಗೊಟ್ಟು ಕೇಳಬೇಕು. ಎಂಜಿನ್ನಿನ ಸದ್ದೇ ತಾಳ ತಪ್ಪಿದ್ದರೆ ಪ್ಲಗ್ಗು, ಇಂಜೆಕ್ಟರ್, ಕಾಯಿಲ್‌ಗಳತ್ತ ನೋಡಬೇಕು. ಸದ್ದು ಒಂದೇ ಸಮನಾಗಿದ್ದು ಸೀಟು, ಸ್ಟೀರಿಂಗ್ ಮಾತ್ರ ನಡುಗುತ್ತಿದ್ದು, ಸುತ್ತು ತುಸು ಹೆಚ್ಚಿಸಿದೊಡನೆ ನಡುಕ ಇಳಿದರೆ ಮೌಂಟಿಂಗ್ ಮೇಲೆ ಅನುಮಾನ ಬಲವಾಗುತ್ತದೆ.

ಆಮೇಲೆ ಬಾನೆಟ್ ಎತ್ತಿ ನೋಡುವ ಪರೀಕ್ಷೆ. ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕನ್ನೂ ಬಲವಾಗಿ ಒತ್ತಿ, ಅನುಭವಸ್ಥ ಚಾಲಕನೊಬ್ಬ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಬೇಕು; ನಂತರ ರಿವರ್ಸಿನಲ್ಲಿ ಹಾಗೆಯೇ. ನೋಡುವವರು ಪಕ್ಕದಲ್ಲಿರಬೇಕು, ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಎಂಜಿನ್ ಸ್ವಲ್ಪ ವಾಲುವುದು ಸಹಜ. ದಿಢೀರನೆ ಎದ್ದು ದಡಕ್ಕನೆ ಕೂತರೆ ಆ ಬದಿಯ ಮೌಂಟಿಂಗ್ ಮುಗಿಯಿತೆಂದೇ ಅರ್ಥ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ರಬ್ಬರಿನಲ್ಲಿ ಆಳವಾದ ಬಿರುಕು, ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡ ಸಂದು, ಬುಷ್‌ನ ನಡುಗೊಳವೆ ಒಂದು ಬದಿಗೆ ಕುಸಿದಿರುವುದು ಇವು ಮುಖ್ಯ. ಕೆಲವು ಕಾರುಗಳಲ್ಲಿ ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್ ಇರುತ್ತದೆ. ಎರಡು ಕೋಣೆಗಳ ನಡುವಿನ ಸಣ್ಣ ಹಾದಿಯಲ್ಲಿ ದ್ರವ ಹರಿದಾಡಿ ದೊಡ್ಡ ತೂಗಾಟವನ್ನು ಶಮನ ಮಾಡುವ ಜಾಣ ಏರ್ಪಾಡು ಅದು. ಅದರ ಕೆಳಗೆ ದ್ರವ ಸೋರಿದ ಕಲೆ ಕಂಡರೆ ಬದಲಾಯಿಸದೆ ಬೇರೆ ದಾರಿಯಿಲ್ಲ. ಇನ್ನೊಂದು ಮಾತು. ಮೌಂಟಿಂಗ್ ಮೇಲೆ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು. ನೈಸರ್ಗಿಕ ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಸೋರಿಕೆ ಹಾಗೇ ಬಿಟ್ಟು ಹೊಸ ಮೌಂಟಿಂಗ್ ಹಾಕುವುದು ದುಡ್ಡನ್ನು ಎಣ್ಣೆಯಲ್ಲಿ ನೆನೆಹಾಕಿದಂತೆ.

ಯಾವುದನ್ನು ಕೊಳ್ಳಬೇಕು?

ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ತೋಟಗಳಲ್ಲಿ ಮರದಿಂದ ಇಳಿಸುವ ಹಾಲು ಕಾಯಿಸಿದರೆ ಮೌಂಟಿಂಗ್ ಆಗುವುದಿಲ್ಲ. ಹಸಿ ರಬ್ಬರು ಸೆಕೆಯಲ್ಲಿ ಅಂಟುತ್ತದೆ, ಚಳಿಯಲ್ಲಿ ಸೆಟೆಯುತ್ತದೆ. ಗಂಧಕ ಬೆರೆಸಿ ಬಿಸಿ ಮಾಡಿದರೆ ಅದು ಹದಕ್ಕೆ ಬರುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಅದರ ಮೇಲೆ ಎಷ್ಟು ಮಸಿ, ಎಷ್ಟು ಗಂಧಕ, ಯಾವ ರಾಸಾಯನಿಕ ಎಂಬುದರಿಂದ ರಬ್ಬರಿನ ಗುಣ ನಿರ್ಧಾರವಾಗುತ್ತದೆ. ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿಟ್ಟ ಎರಡು ಮೌಂಟಿಂಗ್ ನೋಡಲು ಒಂದೇ ತರಹ ಇದ್ದರೂ ಒಳಗಿನ ಹದ ಬೇರೆ ಇರಬಹುದು. ಬೆಲೆಯ ಅಂತರ ಇರುವುದೂ ಅಲ್ಲೇ, ರಬ್ಬರನ್ನು ಕಬ್ಬಿಣಕ್ಕೆ ಬೆಸೆದ ಅಂಟಿನ ಗುಣಮಟ್ಟದಲ್ಲೂ.

ರಬ್ಬರಿನ ಗಡಸನ್ನು ಅಳೆಯುವ ಮಾಪನ ‘ಶೋರ್ ಎ’. ಮೌಂಟಿಂಗ್ ರಬ್ಬರು ಸಾಮಾನ್ಯವಾಗಿ 40ರಿಂದ 70ರ ನಡುವೆ ಬರುತ್ತದೆ. ರೇಸಿನವರು ಇಷ್ಟಪಡುವ ಪಾಲಿಯುರೆಥೇನ್ ಬುಷ್‌ಗಳು ಸಾಮಾನ್ಯವಾಗಿ 70ರಿಂದ 95ರವರೆಗೆ ಹೋಗುತ್ತವೆ. ಎಣ್ಣೆಗೆ ಅವು ಜಗ್ಗುವುದಿಲ್ಲ, ಬಹುಕಾಲ ಬಾಳುತ್ತವೆ, ಆಕ್ಸಿಲರೇಟರ್ ಒತ್ತಿದೊಡನೆ ಕಾರು ಚುರುಕಾಗಿ ನೆಗೆಯುತ್ತದೆ. ರೇಸಿನ ಕಾರು ಸಿಗ್ನಲ್‌ನಲ್ಲಿ ನಿಲ್ಲುವುದಿಲ್ಲ, ಅದರ ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುವುದೂ ಇಲ್ಲ. ದಿನವೂ ಪೇಟೆಯಲ್ಲಿ ಓಡುವ ಕಾರಿನ ಮಾತು ಬೇರೆ. ಮೇಲಿನ ಲೆಕ್ಕ ಅದಕ್ಕೇ ಹಾಕಿದ್ದು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಊರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ ಕೊಳ್ಳುವ ಮುನ್ನ ಕಾರಿನ ಮಾದರಿ, ವರ್ಷ, ಪೆಟ್ರೋಲೋ ಡೀಸೆಲ್ಲೋ, ಗೇರು ಕೈಯದೋ ಆಟೊಮ್ಯಾಟಿಕ್ಕೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಒಂದೇ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಮಾದರಿಗಳಲ್ಲಿ ಬೋಲ್ಟಿನ ತೂತು ಸರಿಹೊಂದಿದರೂ ಹದ ಹೊಂದದಿರಬಹುದು. ಹಳೆಯ ತುಂಡನ್ನು ಜೊತೆಗೆ ಒಯ್ದು ಅದರ ಮೇಲಿನ ಪಾರ್ಟ್ ನಂಬರ್ ಹೋಲಿಸುವುದು ಉತ್ತಮ. ಮೂಲತಃ ಹೈಡ್ರಾಲಿಕ್ ಇದ್ದ ಕಡೆ ಅಗ್ಗವೆಂದು ಗಟ್ಟಿ ರಬ್ಬರಿನದನ್ನು ಹಾಕಬಾರದು. ತಯಾರಾದ ತಾರೀಖು ಇದ್ದರೆ ನೋಡಬೇಕು. ರಬ್ಬರಿಗೆ ಕಪಾಟಿನಲ್ಲಿ ಕೂತರೂ ವಯಸ್ಸಾಗುತ್ತದೆ. ಹಳೆಯ ಟಯರಿನ ತುಂಡು ಕತ್ತರಿಸಿ ಸಂದಿಗೆ ತುರುಕುವ ಉಪಾಯ ಊರು ಸೇರಲು ಆದೀತು, ಕಾರಿಗೆ ಚಿಕಿತ್ಸೆ ಆಗದು.

ಒಂದು ಹೋದರೆ ಎಲ್ಲವನ್ನೂ ಬದಲಾಯಿಸಬೇಕೇ? ಎಲ್ಲವನ್ನೂ ಪರೀಕ್ಷಿಸಬೇಕು ಎಂಬುದು ಸರಿಯಾದ ಉತ್ತರ. ಹತ್ತು ವರ್ಷ ಹಳೆಯ ಕಾರಿನಲ್ಲಿ ಉಳಿದವುಗಳ ರಬ್ಬರೂ ಬಿರುಕು ಬಿಟ್ಟಿದ್ದರೆ ಒಟ್ಟಿಗೇ ಬದಲಾಯಿಸುವುದು ಲಾಭ. ಅಪಘಾತದ ಪೆಟ್ಟಿಗೆ ಒಂದು ಮಾತ್ರ ಮುರಿದಿದ್ದರೆ ಅದೊಂದೇ ಸಾಕು.

ಹಾಕುವುದರಲ್ಲಿದೆ ಅರ್ಧ ಕೆಲಸ

ಮೌಂಟಿಂಗ್ ಬದಲಾಯಿಸುವುದು ನುರಿತ ಕೈಗಳ ಕೆಲಸ. ಆದರೂ ಸರಿಯಾದ ಕ್ರಮ ಯಾವುದೆಂದು ಮಾಲೀಕನಿಗೆ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.

ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಎಂಜಿನ್ನಿನ ಭಾರವನ್ನು ಮೇಲಿನಿಂದ ಸರಪಳಿಯಲ್ಲಿ ತೂಗುಹಾಕಿ ಹಿಡಿಯಬಹುದು, ಇಲ್ಲವೇ ಕೆಳಗಿನಿಂದ ಜಾಕ್ ಕೊಡಬಹುದು. ಜಾಕನ್ನು ಆಯಿಲ್ ಸಂಪ್‌ಗೆ ನೇರವಾಗಿ ಒತ್ತಿದರೆ ತೆಳು ತಗಡು ಜಜ್ಜಿಹೋಗುತ್ತದೆ. ನಡುವೆ ಅಗಲವಾದ ಮರದ ಹಲಗೆ ಇರಲೇಬೇಕು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಯಾರೂ ನುಸುಳಕೂಡದು. ಎಲ್ಲ ಮೌಂಟಿಂಗ್‌ಗಳನ್ನು ಏಕಕಾಲಕ್ಕೆ ಬಿಚ್ಚದೆ ಒಂದೊಂದಾಗಿ ಬದಲಾಯಿಸಿದರೆ ಎಂಜಿನ್ ಜಾಗ ತಪ್ಪುವುದಿಲ್ಲ.

ಬುಷ್ ಮಾತ್ರ ಬದಲಾಯಿಸುವುದಾದರೆ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಬೇಕು, ಸುತ್ತಿಗೆಯ ಏಟು ಸಲ್ಲದು. ಜಾರಲು ಸೋಪಿನ ನೀರು ಸಾಕು. ಎಣ್ಣೆ, ಗ್ರೀಸು ರಬ್ಬರಿಗೆ ಶತ್ರು. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಖಾಲಿ ಸಂದು ಬಿಟ್ಟಿರುತ್ತಾರೆ. ಸಂದು ಇರುವ ದಿಕ್ಕಿನಲ್ಲಿ ಬುಷ್ ಮೆದು, ಇಲ್ಲದ ದಿಕ್ಕಿನಲ್ಲಿ ಗಡಸು. ಎರಡು ವಿರುದ್ಧ ಕೆಲಸಗಳಿಗೆ ಎಂಜಿನಿಯರುಗಳು ಕಂಡುಕೊಂಡ ಉತ್ತರ ಅದು. ಅದನ್ನು ಕಾಲು ಸುತ್ತು ತಿರುಗಿಸಿ ಕೂಡಿಸಿದರೆ ಇಡೀ ಲೆಕ್ಕ ತಲೆಕೆಳಗು. ಹಳೆಯದನ್ನು ತೆಗೆಯುವ ಮೊದಲೇ ಸಂದಿನ ದಿಕ್ಕನ್ನು ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಬಹಳ ಕಡೆ ತಪ್ಪುವುದು ಕೊನೆಯ ಹೆಜ್ಜೆಯಲ್ಲಿ. ಎಂಜಿನ್ ಇನ್ನೂ ಜಾಕಿನ ಮೇಲಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆಮೇಲೆ ಜಾಕ್ ಇಳಿಸಿದಾಗ ಎಂಜಿನ್ ತನ್ನ ಜಾಗಕ್ಕೆ ಕೂರುತ್ತದೆ, ಬಿಗಿದ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಹೊಸ ಮೌಂಟಿಂಗ್ ಹಾಕಿದರೂ ನಡುಕ ಹೋಗಲಿಲ್ಲ, ಬೇಗನೆ ಮತ್ತೆ ಹರಿಯಿತು ಎಂಬ ದೂರುಗಳಿಗೆ ಇದೂ ಒಂದು ಕಾರಣ. ಸರಿಯಾದ ಕ್ರಮವೆಂದರೆ ಎಲ್ಲ ಬೋಲ್ಟುಗಳನ್ನು ಕೈಯಲ್ಲಿ ಸಡಿಲವಾಗಿ ಕೂಡಿಸುವುದು, ಜಾಕ್ ಇಳಿಸಿ ಭಾರವೆಲ್ಲ ಮೌಂಟಿಂಗ್ ಮೇಲೆ ಬಿಡುವುದು, ಎಂಜಿನ್ನನ್ನು ಕೈಯಿಂದ ನಾಲ್ಕಾರು ಸಲ ಅಲುಗಿಸಿ ತಾನಾಗಿ ನೆಲೆಗೊಳ್ಳಲು ಬಿಡುವುದು, ಆಮೇಲೆ ಟಾರ್ಕ್ ಸ್ಪ್ಯಾನರಿನಿಂದ ಕಂಪನಿ ಹೇಳಿದಷ್ಟೇ ಬಿಗಿಯುವುದು. ಕೆಳಗಿನ ತೋಳಿನ ಬೋಲ್ಟು ಎಲ್ಲಕ್ಕಿಂತ ಕೊನೆಗೆ. ಒಮ್ಮೆ ಮಾತ್ರ ಬಳಸಬೇಕೆಂದು ಕಂಪನಿ ಹೇಳಿದ ಬೋಲ್ಟುಗಳನ್ನು ಹೊಸದಾಗಿಯೇ ಹಾಕಬೇಕು.

ರಸ್ತೆಗೆ ಇಳಿಯುತ್ತಿರುವ ವಿದ್ಯುತ್ ಕಾರುಗಳಲ್ಲಿ ಪಿಸ್ಟನ್ನೂ ಇಲ್ಲ, ನಿಂತಲ್ಲಿನ ನಡುಕವೂ ಇಲ್ಲ. ಆದರೂ ಮೋಟಾರಿಗೆ ರಬ್ಬರ್ ಮೌಂಟಿಂಗ್ ಬೇಕೇ ಬೇಕು. ಮೋಟಾರು ಪೆಡಲ್ ಒತ್ತಿದ ಕ್ಷಣವೇ ಪೂರ್ಣ ಬಲ ಕೊಡುತ್ತದೆ. ಅದರ ಸಣ್ಣ ಕೀರಲು ದನಿ ಒಳಗೆ ಬಾರದಂತೆಯೂ ತಡೆಯಬೇಕು. ಹಿಡಿದಿಡಬೇಕು, ಆಡಲೂ ಬಿಡಬೇಕು ಎಂಬ ಹಳೆಯ ಬೇಡಿಕೆ ಅಲ್ಲಿಯೂ ಹಾಗೆಯೇ ಇದೆ.

ಮುಂದಿನ ಸರ್ವೀಸಿಗೆ ಕಾರು ಬಿಡುವಾಗ ಆಯಿಲ್, ಬ್ರೇಕ್, ಟಯರುಗಳ ಜೊತೆಗೆ ಮೌಂಟಿಂಗ್‌ಗಳನ್ನೂ ಟಾರ್ಚು ಹಾಕಿ ನೋಡಿಸುವುದು ಲೇಸು. ಐದು ನಿಮಿಷದ ಕೆಲಸ ಅದು. ಬದಲಾಯಿಸಬೇಕೆಂದು ಗೊತ್ತಾದರೆ ಅಂಗಡಿಯಲ್ಲಿ ಕೇಳಬೇಕಾದ್ದು ‘ಎಲ್ಲಕ್ಕಿಂತ ಗಟ್ಟಿ ಯಾವುದು’ ಎಂದಲ್ಲ, ‘ಈ ಕಾರಿಗೆ ಹೊಂದುವುದು ಯಾವುದು’ ಎಂದು.